ಕಲ್ಕತ್ತೆಯಿಂದ ಬರಬೇಕಿದ್ದ ವಿಮಾನ

ಮೊನ್ನೆ ಮೊಮ್ಮಗಳು ಫೋನಿನಲ್ಲಿ ಎರಡು ಊರಿನ ಹೆಸರು ಒತ್ತಿ, "ಅಜ್ಜಿ, ಕಲ್ಕತ್ತೆಯಿಂದ ಬೆಂಗಳೂರಿಗೆ ಎರಡೂವರೆ ಗಂಟೆ ಅಷ್ಟೇ" ಎಂದಳು. ಆಫೀಸಿನ ಕೆಲಸದ ಮೇಲೆ ಹೋಗಿ ಬರುವವಳಿದ್ದಳು. ಅವಳಿಗೆ ಅದೊಂದು ಮಾತೇ ಅಲ್ಲ. ನಾನು "ಹೌದೇನೆ" ಎಂದೆ. ಆದರೆ ಆವತ್ತು ಮಧ್ಯಾಹ್ನವೆಲ್ಲ ಒಂದು ಕೆಲಸಕ್ಕೂ ಕೈ ಹೋಗಲಿಲ್ಲ. ಅದೇ ಎರಡು ಊರುಗಳ ನಡುವಿನ ದೂರಕ್ಕಾಗಿ ಅರವತ್ತರ ದಶಕದ ಮೊದಲಲ್ಲಿ ನಾನೊಮ್ಮೆ ಬಾಯಿಗೆ ಬಂದ ಸುಳ್ಳನ್ನೆಲ್ಲ ಹೇಳಿದ್ದೆ. ಕೇಳಿದವರು ನಮ್ಮತ್ತೆ. ಆಗ ಅವರು ಸಾಯುತ್ತಿದ್ದರು.

ನಮ್ಮನೆಯವರು ಕಲ್ಕತ್ತೆಯ ವಿಮಾನ ನಿಲ್ದಾಣದ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಕೆಟ್ಟು ನಿಂತ ವಿಮಾನದ ಹೊಟ್ಟೆಯ ಕೆಳಗೆ ಮಲಗಿ ನಟ್ಟು ಬೋಲ್ಟು ಬಿಗಿಯುವ ಕೆಲಸ. ಆದರೆ ಕೊಣನೂರಿನ ಸುತ್ತಮುತ್ತ ಯಾರಿಗೆ ಈ ವ್ಯತ್ಯಾಸ ಗೊತ್ತು? ನಮ್ಮ ಮದುವೆಯಲ್ಲಿ ಹೆಂಗಸರು ನನ್ನನ್ನು ನೋಡುವುದು ಬಿಟ್ಟು, "ಇಮಾನದೋನು ಇವ್ನೇನಾ?" ಎಂದು ಗಂಡಿನ ಮುಖವನ್ನೇ ನೋಡಿದ್ದರು. ಅವರೂ ಅಷ್ಟೆ, ಇಲ್ಲ ಎನ್ನುವ ಮನುಷ್ಯರಲ್ಲ. ಮೀಸೆ ತಿರುವಿಕೊಂಡು ಸುಮ್ಮನೆ ನಗುತ್ತಿದ್ದರು. ಮೂರು ವರ್ಷಕ್ಕೂ ಮೇಲೆ ವಿಮಾನಗಳ ಕೆಳಗೆ ಮಲಗಿದ್ದವರು ಒಂದು ದಿನವಾದರೂ ಒಳಗೆ ಕೂತು ಹಾರಿರಲಿಲ್ಲ ಎಂಬುದು ನನಗೆ ಮದುವೆಯಾಗಿ ಆರು ತಿಂಗಳ ಮೇಲೆ ತಿಳಿಯಿತು.

ನನ್ನ ತವರು ಹೊಳೆನರಸೀಪುರ. ಟೀಚರ್ ಟ್ರೈನಿಂಗ್ ಮುಗಿಸಿ ಅರಕಲಗೂಡಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಪಾಠ ಮಾಡುತ್ತಿದ್ದೆ. ಕಲ್ಕತ್ತೆಯಲ್ಲಿ ಇವರಿಗೆ ಕ್ವಾರ್ಟರ್ಸ್ ಸಿಕ್ಕಿರಲಿಲ್ಲ, ಇನ್ನೂ ಮೂವರ ಜೊತೆ ಒಂದೇ ಕೋಣೆಯಲ್ಲಿದ್ದರು. ಹಾಗಾಗಿ ನಾನು ವಾರವೆಲ್ಲ ಅರಕಲಗೂಡಿನ ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಮಧ್ಯಾಹ್ನದ ಬಸ್ಸಿಗೆ ಕೊಣನೂರಿಗೆ ಬಂದು, ಅಲ್ಲಿಂದ ಹೊಳೆ ದಿಕ್ಕಿಗೆ ನಡೆದು ಗಂಡನ ಮನೆ ಸೇರುತ್ತಿದ್ದೆ. ಗಂಡನಿಲ್ಲದ ಗಂಡನ ಮನೆ. ಅಲ್ಲಿ ಅತ್ತೆ, ಭಾವ, ಭಾವನ ಹೆಂಡತಿ, ಅವರ ಮಕ್ಕಳು ಇದ್ದರು. ಮಾವ ಎಂದೋ ತೀರಿಕೊಂಡಿದ್ದರು.

ಅತ್ತೆ ಗಟ್ಟಿ ಹೆಂಗಸು. ಹಿತ್ತಲಲ್ಲಿ ಬದನೆ, ಹಸಿಮೆಣಸು ಬೆಳೆದು ವಾರವಾರ ಕೊಣನೂರಿನ ಸಂತೆಯಲ್ಲಿ ತಾವೇ ಕೂತು ಮಾರುತ್ತಿದ್ದರು. ಚೌಕಾಸಿ ಮಾಡುವವರಿಗೆ, "ಮುಟ್ಬ್ಯಾಡ, ಮುಟ್ಟಿದ್ರೆ ಬಾಡೋಯ್ತದೆ, ಕಾಸಿದ್ರೆ ತಕ್ಕ, ಇಲ್ದಿದ್ರೆ ಮುಂದ್ಕೋಗು" ಎನ್ನುತ್ತಿದ್ದರು. ನನ್ನ ಮೇಲೆ ಮಾತ್ರ ಒಂದು ದಿನ ಗದರಲಿಲ್ಲ. ಓದಿದ ಸೊಸೆ ಎಂಬ ಭಯವೋ ಹೆಮ್ಮೆಯೋ ಗೊತ್ತಿಲ್ಲ. ನನಗಂತೂ ಅವರನ್ನು ಕಂಡರೆ ನನ್ನ ಹೆತ್ತವ್ವನಿಗಿಂತ ಸಲಿಗೆ ಇತ್ತು, ಇದನ್ನು ನನ್ನವ್ವ ಬದುಕಿದ್ದಾಗ ಹೇಳಿದ್ದರೆ ಮನೆಗೆ ಸೇರಿಸುತ್ತಿರಲಿಲ್ಲ.

ಒಂದು ಶನಿವಾರ ಅತ್ತೆ ಕೇಳಿದರು: "ಅಲ್ಲ ಕಣವ್ವ, ನೀನು ಮೇಷ್ಟ್ರು. ಕಲ್ಕತ್ತ ಎಷ್ಟು ದೂರ ಅದೆ, ನಂಗೆ ಗೊತ್ತಾಗೋ ಅಂಗೆ ಯೋಳು." ಮುಂದಿನ ವಾರ ಶಾಲೆಯ ಭೂಪಟವನ್ನು ಸುರುಳಿ ಸುತ್ತಿ ಬಸ್ಸಿನಲ್ಲಿ ತಂದೆ. ನಡುಮನೆಯ ಗೂಟಕ್ಕೆ ತೂಗುಹಾಕಿ, ಬೆಂಗಳೂರಿಂದ ಕಲ್ಕತ್ತೆಗೆ ದಾರ ಹಿಡಿದು, ಪಟದ ಮೂಲೆಯಲ್ಲಿದ್ದ ಅಳತೆಗೆ ಇಟ್ಟು ನೋಡಿದೆ. ವಿಮಾನ ಹೋಗುವ ನೇರ ದಾರಿ ಸಾವಿರ ಮೈಲಿಗೆ ಸ್ವಲ್ಪ ಕಡಿಮೆ. ಸಾವಿರ ಎಂದರೆ ಅತ್ತೆಗೆ ಏನು ಗೊತ್ತಾಗಬೇಕು? ಕೊಣನೂರಿಂದ ಅರಕಲಗೂಡಿಗೆ ಹತ್ತು ಮೈಲಿ ಎಂದು ಹಿಡಿದು, "ಸಂತೆ ಮುಗಿಸಿ ಅರಕಲಗೂಡಿಗೆ ನೂರು ಸಲ ನಡೆದರೆ ಎಷ್ಟಾಗುತ್ತೋ ಅಷ್ಟು" ಎಂದೆ. ಅತ್ತೆ ಪಟದಲ್ಲಿ ಎರಡು ಊರುಗಳ ನಡುವೆ ಗೇಣು ಹಾಕಿದರು. ಒಂದು ಗೇಣಿಗೆ ಇನ್ನೂ ಬೆರಳು ಉಳಿಯಿತು. "ನೂರು ಸಂತೆ ದೂರ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅಂದಿನಿಂದ ಅವರ ಲೆಕ್ಕದಲ್ಲಿ ಮಗ ಇದ್ದದ್ದು ಕಲ್ಕತ್ತೆಯಲ್ಲಲ್ಲ, ನೂರು ಸಂತೆ ಆಚೆ.

ಇವರು ಆ ವರ್ಷ ರಜೆಗೆ ಬಂದಾಗ ಅತ್ತೆ ಇದನ್ನೇ ಎತ್ತಿ ಕಣ್ಣೀರು ಹಾಕಿದರು. "ನಂಗೇನಾದ್ರೂ ಆದ್ರೆ ನೀನು ಯಾವಾಗ್ಲಾ ಬರೋದು, ನೂರು ಸಂತೆ ದಾಟ್ಕೊಂಡು?" ಕಣ್ಣೀರು ಕಂಡರೆ ಗಂಡಸರಿಗೆ ಏನೋ ಒಂದು ಹೇಳಿ ಜಾರಿಕೊಳ್ಳುವ ಆತುರ. ಇವರು, "ಅವ್ವ, ನೀನು ಕೆಮ್ಮಿದ್ರೆ ಸಾಕು, ಇಲ್ಲಿರ್ತೀನಿ. ಬೆಳಿಗ್ಗೆ ಕಲ್ಕತ್ತೇಲಿ ಟೀ ಕುಡ್ದು ಇಮಾನ ಅತ್ತಿದ್ರೆ ಮಧ್ಯಾನ್ನದ ಊಟಕ್ಕೆ ಬೆಂಗಳೂರು. ಬೆಂಗಳೂರಿಂದ ಇಲ್ಲಿಗ್ ಬರೋದೇ ತಡ ಆಗೋದು, ಆ ಚನ್ನರಾಯಪಟ್ಣದಲ್ಲಿ ಬಸ್ಸು ಕಾಯ್ಬೇಕಲ್ಲ" ಎಂದರು. ಲೆಕ್ಕವೇನೋ ಸರಿಯಾಗಿಯೇ ಇತ್ತು. ಆ ಟಿಕೆಟ್ಟಿಗೆ ಅವರ ಎಷ್ಟು ತಿಂಗಳ ಸಂಬಳ ಹೋಗುತ್ತದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಅತ್ತೆ ಕಣ್ಣೊರೆಸಿಕೊಂಡು ಎದ್ದು ಕೋಳಿ ಹಿಡಿಯಲು ಹೋದರು. ನನಗೆ ಸಿಟ್ಟು ಬಂತು. ರಾತ್ರಿ ಊಟಕ್ಕೆ ಕೂತಾಗ ಇವರ ಎಲೆಗೆ ಸಾರು ಬಡಿಸದೆ ಮುಂದೆ ಹೋದೆ.

ಆಮೇಲೆ ಅತ್ತೆ ಸಂತೆಯಲ್ಲಿ ಎಲ್ಲರಿಗೂ ಅದನ್ನೇ ಹೇಳಿದರು. ಟೀ ಕುಡಿದು ಹತ್ತಿದರೆ ಊಟಕ್ಕೆ ಬೆಂಗಳೂರು. ಬದನೆಕಾಯಿ ಕೊಳ್ಳಲು ಬಂದವರು ಈ ಮಾತು ಕೇಳದೆ ವಾಪಸು ಹೋಗುವಂತಿರಲಿಲ್ಲ.

ಇದಕ್ಕೆ ಒಗ್ಗರಣೆ ಹಾಕಿದವರು ಅತ್ತೆಯ ತಮ್ಮ, ನಾವೆಲ್ಲ ಮಾವಯ್ಯ ಎನ್ನುತ್ತಿದ್ದವರು. ಅವರಿಗೆ ಚನ್ನರಾಯಪಟ್ಟಣದಲ್ಲಿ ಬಸ್ ಮೆಕ್ಯಾನಿಕ್ ಒಬ್ಬ ನೆಂಟ. ಅವನು ಹಾಸನಕ್ಕಾಗಲಿ, ಹೊಳೆನರಸೀಪುರಕ್ಕಾಗಲಿ ಟಿಕೆಟ್ಟಿಲ್ಲದೆ ಡ್ರೈವರ್ ಪಕ್ಕ ಕೂತು ಹೋಗುತ್ತಿದ್ದ. ಯಾವ ಕಂಡಕ್ಟರೂ ಕೇಳುತ್ತಿರಲಿಲ್ಲ. ಮಾವಯ್ಯ ಅದನ್ನು ಕಂಡಿದ್ದರು. "ಬಸ್ ರಿಪೇರಿ ಮಾಡೋನೇ ಟಿಕೀಟಿಲ್ದೆ ಓಗ್ತಾನೆ. ಇನ್ನು ಇಮಾನ ರಿಪೇರಿ ಮಾಡೋನ್ಗೆ ಯಾವನ್ಲಾ ಟಿಕೀಟು ಕೇಳೋನು? ಡ್ರೈವರ್ ಪಕ್ಕ ಕೂರಿಸ್ಕೊಂಡು ಕರ್ಕೊಂಡ್ ಬತ್ತಾನೆ ಕಣ!" ಎಂದು ಜಗುಲಿಯಲ್ಲಿ ಕೂತು ಘಂಟಾಘೋಷವಾಗಿ ಸಾರುತ್ತಿದ್ದರು. ಇಡೀ ಊರು ಹೌದೆಂದು ತಲೆಯಾಡಿಸಿತು. ನಮ್ಮ ಕಡೆ ಕಂಡ ಗಾಡಿಯ ಮೇಲೆ ಕಾಣದ ಗಾಡಿಯನ್ನು ಅಳೆಯುವುದು ಸಹಜ. ನಾನು ಒಂದೆರಡು ಸಲ ತಿದ್ದಲು ಹೋಗಿ, ಅವರ ಬಾಯಿಗೆ ಎದುರಾಡಲಾರದೆ ಬಿಟ್ಟೆ.

ಅದಾಗಿ ಮರುವರ್ಷ, ರಾಗಿ ಕಣದ ಕಾಲಕ್ಕೆ, ಚಳಿಯಲ್ಲಿ ಅತ್ತೆಗೆ ಜ್ವರ ಹಿಡಿಯಿತು. ಕಷಾಯ ಕುಡಿದು ಮತ್ತೆ ಸಂತೆಗೆ ಹೋದರು. ವಾಪಸು ಬಂದಾಗ ಉಸಿರು ಸಿಕ್ಕುತ್ತಿರಲಿಲ್ಲ. ಭಾವ ಗಾಡಿ ಕಟ್ಟಿಕೊಂಡು ಕೊಣನೂರಿಗೆ, ಅಲ್ಲಿಂದ ಹಾಸನದ ಆಸ್ಪತ್ರೆಗೆ ಕರೆದೊಯ್ದರು. ನಾನು ರಜೆ ಹಾಕಿ ಜೊತೆಗಿದ್ದೆ. ಗುಣವಾಗುತ್ತಾರೆಂದೇ ನಂಬಿದ್ದೆ, ಇವರಿಗೂ ಹಾಗೆಂದೇ ಬರೆದೆ. ಒಂದು ವಾರವಾದ ಮೇಲೆ ಡಾಕ್ಟರು ಭಾವನನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈ ಇಟ್ಟರು. ಎದೆಯಲ್ಲಿ ಕಫ ಕಟ್ಟಿ ಹೋಗಿದೆ, ವಯಸ್ಸೂ ಆಯಿತು, ಮನೆಗೆ ಕರೆದುಕೊಂಡು ಹೋಗಿ ಎಂದರು. ಬಾಡಿಗೆ ಕಾರಿನಲ್ಲಿ ಬರುವಾಗ ಮೊಸಳೆ ಎಂಬ ಊರು ದಾಟಿದ ಮೇಲೆ ಅತ್ತೆ ಕಣ್ಣು ಮುಚ್ಚಿದವರು ಊರು ಬಂದರೂ ತೆರೆಯಲಿಲ್ಲ.

ಬಾಗಿಲು ಕಾಣುವಂತೆ ನಡುಮನೆಯಲ್ಲಿ ಮಲಗಿಸಿದೆವು. ಜೀವ ಇತ್ತು, ಎಚ್ಚರ ಇರಲಿಲ್ಲ. ಮರುದಿನ ಊರಿನ ಹಿರಿಯ ಹೆಂಗಸರು ಬಂದು ಕೂತರು. ಜೀವ ಹೋಗದೆ ಹೀಗೆ ಎಳೆಯುತ್ತಿದ್ದರೆ ಯಾವುದೋ ಆಸೆ ಹಿಡಿದಿದೆ ಎಂದು ನಮ್ಮಲ್ಲಿ ನಂಬಿಕೆ. ಮೊದಲು ನೆಲದ ಆಸೆ ಎಂದು ಹೊಲದ ಮಣ್ಣು ಕದಡಿದ ನೀರನ್ನು ಬಾಯಿಗೆ ಬಿಟ್ಟರು. ಆಮೇಲೆ ಒಡವೆಯ ಆಸೆ ಎಂದು ಅವರದೇ ಓಲೆ ತೊಳೆದ ನೀರು. ಆಮೇಲೆ ಬೆಳ್ಳಿ ರೂಪಾಯಿ ತೊಳೆದ ನೀರು. ನಾನು ಓದಿದವಳು, ಬೇಡ ಎನ್ನಬೇಕಿತ್ತು. ಆದರೆ ಒಂದೊಂದು ಹನಿ ಗಂಟಲಿಗಿಳಿದಾಗಲೂ ಇದಕ್ಕಾದರೂ ಕಣ್ಣು ಬಿಡಲಿ ಎಂದು ನಾನೇ ಬಗ್ಗಿ ನೋಡುತ್ತಿದ್ದೆ. ಬಿಟ್ಟರು ಕೂಡ. ಯಾವ ನೀರಿಗೆ ಎಂದು ಹೇಳಲಾರೆ, ಸಂಜೆಯ ಹೊತ್ತಿಗೆ ಕಣ್ಣು ತೆರೆದು ಎಲ್ಲರನ್ನೂ ನೋಡಿ, "ಚಿಕ್ಕೋನು ಬಂದ್ನಾ?" ಎಂದರು.

"ನೋಡ್ದಾ, ನೆಲಾನೂ ಅಲ್ಲ, ಚಿನ್ನಾನೂ ಅಲ್ಲ, ಮಗ" ಎಂದಳು ಒಬ್ಬ ಮುದುಕಿ. ಭಾವ ಅಲ್ಲೇ ಕಾಲ ಬಳಿ ಕೂತಿದ್ದರು. ಹದಿನೈದು ದಿನದಿಂದ ಕಣದ ಕೆಲಸ ಬಿಟ್ಟು ಅವ್ವನನ್ನು ಮಗುವಿನಂತೆ ಎತ್ತಿ ಇಳಿಸಿದ್ದವರು. ಎದ್ದು ಕೊಟ್ಟಿಗೆಗೆ ಹೋದರು. ಓರಗಿತ್ತಿ, ನಾನು ಅಕ್ಕ ಎನ್ನುತ್ತಿದ್ದವಳು, ನನ್ನ ಕಡೆ ತಿರುಗಿ, "ಅತ್ರ ಇರೋ ಮಗ ಕಣ್ಗೆ ಕಾಣಲ್ಲ ಕಣೆ. ಓಗು, ತಂತಿ ಕೊಡು" ಎಂದಳು. ಅವಳ ದನಿಯಲ್ಲಿ ನೋವಿತ್ತು, ಆದರೂ ಅವಳೇ ಕಳಿಸಿದ್ದು.

ಬೆಳಿಗ್ಗೆ ಮೊದಲ ಬಸ್ಸಿಗೆ ಅರಕಲಗೂಡಿಗೆ ಹೋಗಿ ತಂತಿ ಕೊಟ್ಟು ಮಧ್ಯಾಹ್ನ ಮನೆಗೆ ಬಂದರೆ, ಮಾವಯ್ಯ ಆಗಲೇ ಅನಾಹುತ ಮಾಡಿಟ್ಟಿದ್ದರು. ಅತ್ತೆಯ ಕಿವಿಯ ಹತ್ತಿರ ಬಗ್ಗಿ, "ಅತ್ತವ್ನೆ ಕಣಕ್ಕ! ಇಷ್ಟೊತ್ಗೆ ಇಮಾನ ಅತ್ತಿರ್ತಾನೆ. ನಾಳೆ ಉಣ್ಣೋ ವತ್ಗೆ ಇಲ್ಲವ್ನೆ" ಎಂದು ಹೇಳಿಬಿಟ್ಟಿದ್ದರು. ಪ್ರೀತಿಗೆ ಹೇಳಿದ್ದು, ನಿಜ. ಆದರೆ ಆ ಕ್ಷಣ ಅವರನ್ನು ಎತ್ತಿ ಹೊಳೆಗೆ ಹಾಕಬೇಕೆನ್ನಿಸಿತು. ಅತ್ತೆಯ ಮುಖ ಅರಳಿತ್ತು. ಎರಡು ದಿನದಿಂದ ಏನೂ ಕೇಳದವರು ಗಂಜಿ ಕೇಳಿ ಎರಡು ಚಮಚ ಕುಡಿದರು.

ಮರುದಿನ ಬೆಳಿಗ್ಗೆ, ಅರಕಲಗೂಡಿನಿಂದ ಬಸ್ಸಿನಲ್ಲಿ ಬಂದಿದ್ದ ಉತ್ತರದ ತಂತಿಯನ್ನು ಕೊಣನೂರಿನ ಪೋಸ್ಟ್‌ಮ್ಯಾನ್ ತಂದುಕೊಟ್ಟ. ಜಗುಲಿಯಲ್ಲಿ ನಿಂತು ಎಲ್ಲರಿಗೂ ಓದಿ ಹೇಳಿದೆ: ರಜೆ ಸಿಕ್ಕಿದೆ, ರೈಲಿನಲ್ಲಿ ಹೊರಟಿದ್ದೇನೆ, ಅವ್ವನಿಗೆ ಹೇಳು. ರೈಲು! ಕಲ್ಕತ್ತೆಯಿಂದ ಮದ್ರಾಸಿಗೆ ಎರಡು ರಾತ್ರಿ, ಅಲ್ಲಿ ಗಾಡಿ ಬದಲಾಯಿಸಿ ಬೆಂಗಳೂರಿಗೆ ಇನ್ನೊಂದು ರಾತ್ರಿ, ಆಮೇಲೆ ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಎಂದು ಬಸ್ಸುಗಳನ್ನು ಕಾಯುತ್ತ ಒಂದು ಹಗಲು. ವಿಮಾನಕ್ಕೆ ಒಂದು ಬೆಳಗಾದದ್ದು ರೈಲಿಗೆ ಮೂರು ದಿನಕ್ಕೂ ಮಿಗಿಲು. ಮಾವಯ್ಯನ ಮುಖ ಇಂಗು ತಿಂದ ಮಂಗನಂತಾಯಿತು. "ಯಾಕ್ಲಾ ಅತ್ತಿಸ್ಕೊಳ್ಲಿಲ್ಲ ಅವ್ನ? ರಿಪೇರಿ ಮಾಡೋನಲ್ವಾ?" ಎಂದು ಯಾರನ್ನೋ ಕೇಳಿದರು. ಅತ್ತೆ ಅಷ್ಟು ದಿನ ಇರುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವರಿಗೆ ನಿಜ ಹೇಳುವುದು ಯಾರು? "ನೀನು ಮೇಷ್ಟ್ರು, ನೀನೇ ಯೋಳವ್ವ" ಎಂದರು ಮಾವಯ್ಯ.

ಹೇಳಲೆಂದೇ ಒಳಗೆ ಹೋದೆ. ಅತ್ತೆ ಗೋಡೆಗೆ ಒರಗಿಕೊಂಡು ಕೂತಿದ್ದರು, ಅಕ್ಕನ ಕೈಯಲ್ಲಿ ಎಣ್ಣೆ ಬಟ್ಟಲಿತ್ತು. "ಬಾ ಮಗ, ನೀನು ಬಾಚು, ಇವ್ಳು ಎಳೀತಾಳೆ. ತಲೆ ಇಂಗಿದ್ರೆ ಚಿಕ್ಕೋನು ನೋಡಿ ಎದರ್ಕೊಂತಾನೆ" ಎಂದರು. ಬಾಚಣಿಗೆ ತೆಗೆದುಕೊಂಡೆ. ಅವರ ಕೂದಲು ನನ್ನ ಕೈಗೆ ಒಂದು ಹಿಡಿಯೂ ಬರಲಿಲ್ಲ.

"ಎಲ್ಲವ್ನಂತೆ?" ಎಂದರು.

"ಮದ್ರಾಸಲ್ಲಿ, ಅತ್ತೆಮ್ಮ" ಎಂದೆ. ನನ್ನ ಬಾಯಿಂದ ಅದು ಹೇಗೆ ಬಂತೋ ಗೊತ್ತಿಲ್ಲ. "ವಿಮಾನ ಮದ್ರಾಸಲ್ಲಿ ನಿಂತಿದೆಯಂತೆ, ಸ್ವಲ್ಪ ತಡ ಆಗುತ್ತೆ."

"ಯಾಕಂತೆ?"

ವಿಮಾನ ಏಕೆ ನಿಲ್ಲುತ್ತದೆ ಎಂದು ನನಗೇನು ಗೊತ್ತು? ನಾನು ನೋಡಿದ ಗಾಡಿಯೆಂದರೆ ಕೊಣನೂರು ಬಸ್ಸು ಒಂದೇ. "ನೀರು ಹಾಕ್ತಿದಾರಂತೆ. ಕಾದುಬಿಟ್ಟಿದೆಯಂತೆ" ಎಂದೆ.

"ಇಮಾನುಕ್ಕೂ ನೀರುಯ್ತಾರಾ?"

"ಹುಯ್ಯದೆ ಇರ್ತಾರಾ, ಅಷ್ಟು ದೂರದಿಂದ ಬಂದಿರೋದು?"

ಅತ್ತೆ ಒಪ್ಪಿಕೊಂಡಂತೆ ತಲೆಯಾಡಿಸಿದರು. ಒಂದು ಸುಳ್ಳಿಗೆ ಹತ್ತು ಸುಳ್ಳು ಊರುಗೋಲು ಎನ್ನುತ್ತಾರೆ. ನನ್ನ ಕಷ್ಟ ಅದಕ್ಕಿಂತ ದೊಡ್ಡದು. ಒಂದು ಬೆಳಗಿನಲ್ಲಿ ಮುಗಿಯುವ ವಿಮಾನದ ದಾರಿಯನ್ನು ನಾನು ಮೂರು ದಿನಕ್ಕೆ ಎಳೆಯಬೇಕಿತ್ತು. ಅಲ್ಲೆಲ್ಲೋ ರೈಲು ಬರುತ್ತಿತ್ತು, ಇಲ್ಲಿ ನನ್ನ ವಿಮಾನ ಅದಕ್ಕೆ ಕಾಯಬೇಕಿತ್ತು. ಎಚ್ಚರವಾದಾಗಲೆಲ್ಲ ಅತ್ತೆ ಒಂದೇ ಪ್ರಶ್ನೆ ಕೇಳುತ್ತಿದ್ದರು. ಮಧ್ಯಾಹ್ನ, ಜನ ತುಂಬಿಲ್ಲ, ತುಂಬುವವರೆಗೂ ಬಿಡುವುದಿಲ್ಲವಂತೆ ಎಂದೆ. ಸಂಜೆ, ಡ್ರೈವರು ಊಟಕ್ಕೆ ಹೋದವನು ಬಂದಿಲ್ಲ ಎಂದೆ. ಅಕ್ಕ ಬಾಗಿಲ ಮರೆಯಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ನಗುತ್ತಲೇ ಅತ್ತಳು. ನನಗೆ ನಗು ಬರಲಿಲ್ಲ. ಕಲ್ಕತ್ತೆಯಲ್ಲಿ ವಿಮಾನಗಳ ಕೆಳಗೆ ಮಲಗಿ ಎದ್ದು ಬರುವ ಮನುಷ್ಯ ಒಂದು ಸಲ, ಒಂದೇ ಒಂದು ಸಲ, ಅದರೊಳಗೆ ಕೂತು ಬರುವ ಹಾಗಿದ್ದರೆ ಎಂದು ಸಂಕಟವಾಗುತ್ತಿತ್ತು. ಎಲ್ಲರ ಮೇಲೂ ಸಿಟ್ಟು. ಟಿಕೆಟ್ಟಿಗೆ ಅಷ್ಟು ಬೆಲೆ ಇಟ್ಟವರ ಮೇಲೆ, ಟೀ ಕುಡಿದು ಹತ್ತುತ್ತೇನೆ ಎಂದವರ ಮೇಲೆ, ಅದನ್ನು ನಂಬಿದವರ ಮೇಲೆ.

ಮರುದಿನ ಬೆಳಿಗ್ಗೆ ಅತ್ತೆಯ ಉಸಿರು ಗೊರಗೊರ ಎನ್ನತೊಡಗಿತ್ತು. ಭಾವ ಬಂದು ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಈ ಸಲ ಅತ್ತೆ ಅವರ ಕೈಯನ್ನು ಹಿಡಿದುಕೊಂಡು ಬಿಡಲಿಲ್ಲ. ಬಿಸಿಲು ನಡುಮನೆಯ ಹೊಸ್ತಿಲಿಗೆ ಬಂದಾಗ ಕಣ್ಣು ತೆರೆದು ನನ್ನನ್ನು ಹುಡುಕಿದರು.

"ಎಲ್ಲಿಗ್ ಬಂತವ್ವ?"

"ಚನ್ನರಾಯಪಟ್ಟಣಕ್ಕೆ" ಎಂದೆ. ಎರಡು ರಾತ್ರಿ ನಿದ್ದೆಗೆಟ್ಟಿದ್ದೆ, ಬುದ್ಧಿ ಸ್ಥಿಮಿತದಲ್ಲಿರಲಿಲ್ಲ. "ಅಲ್ಲಿ ತೆಂಗಿನಕಾಯಿ ಮೂಟೆ ಹೇರ್ತಿದಾರೆ. ಟಾಪು ತುಂಬಿದ ತಕ್ಷಣ ಹೊರಡುತ್ತೆ."

ಅತ್ತೆ ನನ್ನನ್ನೇ ನೋಡಿದರು. ಒಣಗಿದ ತುಟಿ ಒಂದು ಕಡೆ ಅಲುಗಿತು. ಸಂತೆಯಲ್ಲಿ ಯಾರಾದರೂ ಸವಕಲು ನಾಣ್ಯ ಕೊಟ್ಟಾಗ ಹೀಗೆ ನಗುತ್ತಿದ್ದರು, ಬೈಯುವ ಮುಂಚೆ. ಬೈಯಲಿಲ್ಲ.

"ಇಮಾನದ ಮ್ಯಾಲೆ ಕಾಯಿಮೂಟೆ ಏರ್ತಾರಾ ಮಗ?" ಎಂದರು. ಉಸಿರು ಎಳೆದುಕೊಂಡು ಮತ್ತೆ, "ಇದು ಇಮಾನ ಅಲ್ಲ ಕಣವ್ವ. ನಮ್ ಕೊಣನೂರ್ ಬಸ್ಸು. ನೀರುಯ್ತಾರೆ ಅಂದಾಗ್ಲೇ ನಂಗೆ ಗೊತ್ತಾಯ್ತು."

ನಿನ್ನೆ ಬೆಳಿಗ್ಗೆಯಿಂದ ಅತ್ತೆಗೆ ಗೊತ್ತಿತ್ತು. ಗೊತ್ತಿದ್ದೂ ಡ್ರೈವರು ಊಟಕ್ಕೆ ಹೋದದ್ದನ್ನೂ ಜನ ತುಂಬದೆ ಇದ್ದದ್ದನ್ನೂ ಕೇಳಿಸಿಕೊಂಡು ತಲೆಯಾಡಿಸಿದ್ದರು. ನನಗೆ ನೋವಾಗದಿರಲಿ ಎಂದು.

"ರೈಲಲ್ಲಿ ಬತ್ತಾವ್ನಾ?"

ಹೌದೆಂದು ತಲೆಯಾಡಿಸಿದೆ.

"ಇನ್ನೂ ಎಷ್ಟು ಸಂತೆ ಅದೆ?"

ಆ ಹೊತ್ತಿಗೆ ರೈಲು ಆಂಧ್ರದಲ್ಲೆಲ್ಲೋ ಇರಬೇಕು. ಈ ಸಲ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಐವತ್ತಾದರೂ ಇರುತ್ತೆ ಅತ್ತೆಮ್ಮ" ಎಂದೆ.

"ಐವತ್ತಾ" ಎಂದರು. ಕಣ್ಣು ಮುಚ್ಚಿದರು. ಮತ್ತೆ ಮಾತಾಡುವುದಿಲ್ಲ ಎಂದುಕೊಂಡೆವು. "ಅಷ್ಟ್ ದೂರ ಕಾಯಕ್ಕಾಗಲ್ಲ ಕಣವ್ವ ನಂಗೆ" ಎಂದರು, ನನ್ನಲ್ಲಿ ಕ್ಷಮೆ ಕೇಳುವವರಂತೆ. "ರೈಲಲ್ಲಿ ಏನ್ ಸಿಕ್ತದೋ ಏನೋ. ಅಸ್ಕೊಂಡ್ ಬತ್ತಾನೆ. ಬಂದೇಟ್ಗೆ ಮೊದ್ಲು ಉಣ್ಣಕ್ಕಿಕ್ಕು. ಅಳೋದು ಗಿಳೋದು ಆಮ್ಯಾಕೆ."

ಅದಾದ ಮೇಲೆ ಅವರು ಮಾತಾಡಲಿಲ್ಲ. ಬಿಸಿಲು ಹೊಸ್ತಿಲು ಬಿಟ್ಟು ಅಂಗಳಕ್ಕೆ ಸರಿಯುವ ಹೊತ್ತಿಗೆ, ಭಾವನ ತೊಡೆಯ ಮೇಲೆ, ಜೀವ ಹೋಯಿತು. ಭಾವ ಗಂಡಸರ ಮುಂದೆ ಅಳುವವರಲ್ಲ. ಆವತ್ತು ಅವ್ವನ ಬೆರಳುಗಳನ್ನು ತಮ್ಮ ಕೈಯಿಂದ ಬಿಡಿಸಿಕೊಳ್ಳಲಾರದೆ ಬಾಯಿಬಿಟ್ಟು ಅತ್ತರು.

ಚಿಕ್ಕಮಗನಿಗೆ ಕಾಯಬೇಕೆಂದು ಮಾವಯ್ಯ ಹಟ ಹಿಡಿದರು. ಎಷ್ಟು ದಿನ ಎಂದು ಭಾವ ಕೇಳಿದರು. ಹೊತ್ತು ಮುಳುಗುವ ಮುಂಚೆ ಹೊಲದಲ್ಲಿ, ಮಾವನ ಪಕ್ಕದಲ್ಲೇ, ಮಣ್ಣು ಮಾಡಿದೆವು. ನಾನೂ ಮೂರು ಹಿಡಿ ಮಣ್ಣು ಹಾಕಿದೆ. ನಾಲ್ಕನೆಯ ಹಿಡಿಯನ್ನು ಇವರ ಪಾಲಿನದೆಂದು ತೆಗೆದುಕೊಂಡು, ಹಾಗೆಲ್ಲ ಉಂಟೋ ಇಲ್ಲವೋ ಎಂದು ಅನುಮಾನಿಸುತ್ತ, ಅದನ್ನೂ ಹಾಕಿದೆ.

ಮೂರನೆಯ ದಿನ ಹಾಲುತುಪ್ಪ. ಗುಡ್ಡೆಯ ಮೇಲೆ ಹಾಲು ತುಪ್ಪ ಬಿಟ್ಟು, ಸತ್ತವರು ಇಷ್ಟಪಡುತ್ತಿದ್ದದ್ದನ್ನೆಲ್ಲ ಬಾಳೆಲೆಯಲ್ಲಿ ಎಡೆ ಇಟ್ಟು, ದೂರ ಸರಿದು ಕಾಗೆಗೆ ಕಾಯುವುದು ಪದ್ಧತಿ. ಕಾಗೆ ಮುಟ್ಟುವವರೆಗೂ ಎಡೆಯನ್ನು ಯಾರೂ ಮುಟ್ಟುವ ಹಾಗಿಲ್ಲ. ಬೆಳಿಗ್ಗೆ ನಾವೆಲ್ಲ ಹೊಲದ ಬದುವಿನಲ್ಲಿ ಕೂತಿದ್ದೆವು. ಅಕ್ಕ ಮುದ್ದೆ, ಹುರುಳಿ ಸಾರು, ಬದನೆಕಾಯಿ ಪಲ್ಯ, ಅನ್ನ ಎಲ್ಲ ಮಾಡಿ ತಂದಿದ್ದಳು. ಆಗ ರಸ್ತೆಯ ಕಡೆಯಿಂದ ಒಬ್ಬರು ತಗಡಿನ ಪೆಟ್ಟಿಗೆ ಹೆಗಲ ಮೇಲಿಟ್ಟುಕೊಂಡು ಹೊಲವನ್ನು ಅಡ್ಡಹಾಯ್ದು ಬರುತ್ತಿದ್ದುದು ಕಂಡಿತು.

ಹಿಂದಿನ ರಾತ್ರಿ ಅರಕಲಗೂಡಿನಲ್ಲಿ ಬಸ್ಸು ತಪ್ಪಿ ಅಲ್ಲೇ ಉಳಿದಿದ್ದರಂತೆ. ಕೊಣನೂರಿನಲ್ಲಿ ಬಸ್ಸಿಳಿದಾಗ, ಅತ್ತೆಯ ಪಕ್ಕ ಕೂತು ಸೊಪ್ಪು ಮಾರುತ್ತಿದ್ದವಳು ಇವರನ್ನು ಕಂಡು ಗೋಳೋ ಎಂದು ಅತ್ತಳಂತೆ, ವಿಷಯ ತಿಳಿದದ್ದು ಹಾಗೆ. ಮೈಮೇಲಿನ ಅಂಗಿ ರೈಲಿನ ಕಲ್ಲಿದ್ದಲ ಹೊಗೆಗೆ ಕಪ್ಪಾಗಿತ್ತು. ಪೆಟ್ಟಿಗೆ ಇಳಿಸಿ, ಯಾರನ್ನೂ ನೋಡದೆ, ಗುಡ್ಡೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು. ಅಳಲಿಲ್ಲ. ಅಂಗೈಯಿಂದ ಮಣ್ಣನ್ನು ತಟ್ಟಿ ತಟ್ಟಿ ಸಮ ಮಾಡುತ್ತಿದ್ದರು, ಏನೋ ಕೆಲಸ ಬಾಕಿ ಇರುವವರಂತೆ. ಅವರ ಮೇಲಿದ್ದ ಸಿಟ್ಟೆಲ್ಲ ನನ್ನಲ್ಲಿ ಎಲ್ಲಿ ಹೋಯಿತೋ. ಹೋಗಿ ಪಕ್ಕದಲ್ಲಿ ಕೂತೆ.

"ಕೊನೇಲಿ ಏನಂದ್ಲು?" ಎಂದರು.

ನೂರು ಮಾತಿದ್ದವು. ಒಂದನ್ನೇ ಹೇಳಿದೆ. "ಹಸ್ಕೊಂಡು ಬರ್ತಾನೆ, ಬಂದೇಟಿಗೆ ಮೊದಲು ಉಣ್ಣಕ್ಕೆ ಇಕ್ಕು, ಅಳೋದು ಆಮೇಲೆ ಅಂದ್ರು."

ಅವರು ನನ್ನ ಕಡೆ ತಿರುಗಿದರು. ಆ ಮುಖವನ್ನು ನಾನು ಸಾಯುವವರೆಗೂ ಮರೆಯಲಾರೆ. "ಮದ್ರಾಸಿಂದ ಏನೂ ತಿಂದಿಲ್ಲ ಕಣೆ" ಎಂದರು.

ಅಕ್ಕ ಬದುವಿನಿಂದ ಎದ್ದು ಬಂದಳು. ಗುಡ್ಡೆಯ ಮುಂದಿಟ್ಟಿದ್ದ ಎಡೆಯ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿ ಇವರ ಮುಂದೆ ಇಟ್ಟಳು. ಕಾಗೆ ಇನ್ನೂ ಬಂದಿರಲಿಲ್ಲ. ಮಾವಯ್ಯ "ಏಯ್, ಅದು..." ಎಂದು ಅರ್ಧ ಎದ್ದರು. ಭಾವ ಅವರ ಪಂಚೆಯ ಅಂಚು ಹಿಡಿದು ಕೂರಿಸಿದರು.

"ಅವ್ವ ಯೋಳವ್ಳಲ್ಲ. ಉಣ್ಣು" ಎಂದಳು ಅಕ್ಕ.

ಇವರು ಮುದ್ದೆ ಮುರಿದರು. ಮೊದಲ ತುತ್ತು ಇಳಿಯಿತು. ಎರಡನೆಯದಕ್ಕೆ ನೀರು ಕೊಟ್ಟೆ, ಕುಡಿದು ಅದನ್ನೂ ನುಂಗಿದರು. ಎಲೆಯಲ್ಲಿ ಒಂದು ಅಗುಳೂ ಬಿಡದೆ ಉಂಡರು. ಉಂಡು, ಕೈ ತೊಳೆದುಕೊಂಡು, ಆಮೇಲೆ ಅತ್ತರು.